ಹೆಗಲ ಮೇಲಿನ ಪ್ಲಗ್

ಮುಖದೆದುರು ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಪ್ಲಗ್ಗಮ್ಮ. ಬೆನ್ನ ಹಿಂದಿನ ಹೆಸರು ಅವಳ ಕಿವಿಗೆ ಬಿದ್ದಿರಲಿಲ್ಲವೆಂದಲ್ಲ. ಎಷ್ಟೋ ವರ್ಷದಿಂದ ಬೀಳುತ್ತಲೇ ಇತ್ತು. ಸಿಟ್ಟು ಮಾಡಿಕೊಳ್ಳುವಷ್ಟು ಪುರುಸೊತ್ತು ಅವಳಿಗೆ ಇರಲಿಲ್ಲ, ಅಷ್ಟೇ. ಜೊತೆಗೆ, ಆ ಹೆಸರನ್ನು ತಾನು ದುಡಿದು ಸಂಪಾದಿಸಿದ್ದೇನೆ ಎಂಬ ಸಣ್ಣ ಹೆಮ್ಮೆಯೂ ಒಳಗೊಳಗೇ ಇತ್ತು.

ಅವಳ ಕೆಲಸ ನೆಲದ ಹಳೆ ಪಾಲಿಶ್ ಕೀಳುವುದು. ಆಸ್ಪತ್ರೆ, ಶಾಲೆ, ದೊಡ್ಡ ಅಂಗಡಿಗಳ ನೆಲ ಫಳಫಳ ಹೊಳೆಯುತ್ತದಲ್ಲ, ಆ ಹೊಳಪು ನೆಲದ್ದಲ್ಲ, ಅದರ ಮೇಲೆ ಬಳಿದ ಪಾಲಿಶ್‌ನದ್ದು. ಒಂದರ ಮೇಲೊಂದು ಬಳಿಯುತ್ತಾ ಹೋದಂತೆ ಅದು ಹಳದಿ ತಿರುಗುತ್ತದೆ, ಸಾವಿರಾರು ಚಪ್ಪಲಿಗಳ ಕೊಳೆಯನ್ನು ಒಳಗೇ ಇಟ್ಟುಕೊಂಡು ಕೂರುತ್ತದೆ. ಆಗ ನೆಲಕ್ಕೆ ಔಷಧಿ ಸುರಿದು, ಹತ್ತು ನಿಮಿಷ ನೆನೆಯಲು ಬಿಟ್ಟು, ಕರಿ ಪ್ಯಾಡ್ ಹಾಕಿದ ಯಂತ್ರದಿಂದ ಉಜ್ಜಿ ಎಬ್ಬಿಸಬೇಕು. ಔಷಧಿ ಎಂದರೆ ಕೆಲಸದವರ ಮಾತಿನಲ್ಲಿ ಕೆಮಿಕಲ್; ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ, ಕಾಲ ಕೆಳಗೆ ಬಂದರೆ ಎಣ್ಣೆಗಿಂತ ನುಣ್ಣಗೆ ಜಾರುತ್ತದೆ. ಎದ್ದ ಕೆಸರನ್ನು ನೀರೆಳೆಯುವ ಯಂತ್ರದಿಂದ ಹೀರಿ, ಎರಡು ಸಲ ತೊಳೆದು, ಒಣಗಿದ ಮೇಲೆ ಹೊಸ ಪಾಲಿಶ್. ನೋಡುವವರಿಗೆ ಇದು ನೆಲ ಒರೆಸುವ ಕೆಲಸ. ಹಾಗೆಂದವರನ್ನು ಅವಳು ಕೆಂಗಣ್ಣಿನಿಂದ ನೋಡುತ್ತಿದ್ದಳು.

ಯಂತ್ರ ಅವಳಿಗಿಂತ ಹೆಚ್ಚು ತೂಕವಿತ್ತು. ದುಂಡನೆಯ ತಳ, ತಳದಡಿ ತಿರುಗುವ ಪ್ಯಾಡ್, ಎದೆಮಟ್ಟಕ್ಕೆ ಬರುವ ಹ್ಯಾಂಡಲ್, ಹ್ಯಾಂಡಲ್‌ನಲ್ಲಿ ಒಂದು ಲಿವರ್. ಲಿವರ್ ಒತ್ತಿ ಹಿಡಿದಷ್ಟು ಹೊತ್ತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅದಕ್ಕೆ ಚಕ್ರದ ದಾರಿ ಇಲ್ಲ. ಹ್ಯಾಂಡಲ್ಲನ್ನು ಕೂದಲೆಳೆಯಷ್ಟು ಎತ್ತಿದರೆ ಬಲಕ್ಕೆ ಹೋಗುತ್ತದೆ, ಕೂದಲೆಳೆಯಷ್ಟು ಇಳಿಸಿದರೆ ಎಡಕ್ಕೆ. ತೋಳಬಲ ತೋರಿಸಿದರೆ ಮಾತ್ರ ಅದು ಯಾರ ಮಾತನ್ನೂ ಕೇಳುವುದಿಲ್ಲ. ತಂಡಕ್ಕೆ ಒಬ್ಬ ಕಟ್ಟುಮಸ್ತಾದ ಆಳು ಸೇರಿದ್ದ, ಎಲ್ಲರ ಬಾಯಲ್ಲಿ ಪೈಲ್ವಾನ. ಮೊದಲ ದಿನ ಅವನು ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, ನೀವೇ ಆಡಿಸುವ ಯಂತ್ರ ನನಗ್ಯಾವ ಲೆಕ್ಕ ಎಂದು ಲಿವರ್ ಒತ್ತಿದ. ಯಂತ್ರ ಬಲಕ್ಕೆ ಹೊರಟಿತು, ಅವನು ಎಡಕ್ಕೆ ಜಗ್ಗಿದ, ಅದು ಇನ್ನೂ ಜೋರಾಗಿ ಬಲಕ್ಕೆ ಹೊರಟಿತು. ಹಿಡಿತ ಬಿಡಬೇಕೆಂದು ಹೊಳೆಯುವಷ್ಟರಲ್ಲಿ ಪೈಲ್ವಾನನೂ ಯಂತ್ರವೂ ಸ್ವಾಗತದ ಮೇಜಿನ ಪಕ್ಕದ ಹೂಕುಂಡದ ಒಳಗಿದ್ದರು. ಅಕ್ಕ ಹೋಗಿ ಮಣ್ಣು ಕೊಡವಿ, ಎರಡೇ ಬೆರಳಲ್ಲಿ ಹ್ಯಾಂಡಲ್ ಹಿಡಿದು, ಯಂತ್ರವನ್ನು ಆ ಗೋಡೆಯಿಂದ ಈ ಗೋಡೆಗೆ ತೇಲಿಸಿಕೊಂಡು ಬಂದಳು. ಪೈಲ್ವಾನ ಅಂದಿನಿಂದ ಅವಳ ಶಿಷ್ಯನೇ ಆದ, ಬಾಯಿ ಮಾತ್ರ ಹಾಗೇ ಉಳಿಯಿತು.

ಅವಳಿಗೆ ಈ ವಿದ್ಯೆ ಕಲಿಸಿದವನು ಎಡಗೈಯಲ್ಲಿ ಮೂರೇ ಬೆರಳಿದ್ದ ಒಬ್ಬ ಮುದಿ ಮೇಸ್ತ್ರಿ. ದೂರದ ಮೂಲೆಯಿಂದ ಶುರುಮಾಡಿ ಬಾಗಿಲಿಗೆ ಬರಬೇಕು, ಒದ್ದೆಯ ಮೇಲೆ ತಿರುಗಿ ಕಾಲಿಡಬಾರದು. ವಯರ್ ಯಾವಾಗಲೂ ಬೆನ್ನ ಹಿಂದೆ, ಯಂತ್ರದ ಮುಂದಲ್ಲ. ಎಚ್ಚರಿಕೆಯ ಹಳದಿ ಫಲಕ ಇಡದೆ ಬಕೆಟ್ ಮುಚ್ಚಳ ತೆಗೆಯಬಾರದು. ಇದನ್ನೆಲ್ಲ ಅವನು ಮೊದಲ ವಾರವೇ ಹೇಳಿದ್ದ. ಬೆರಳಿನ ಕತೆ ಹೇಳಲು ಒಂದು ವರ್ಷ ತೆಗೆದುಕೊಂಡ. ಒಂದು ದಿನ ಅವನು ಪ್ಲಗ್ ಕಿತ್ತು ನೆಲದ ಮೇಲೆ ಬಿಟ್ಟು, ಯಂತ್ರ ಮಲಗಿಸಿ, ಪ್ಯಾಡ್ ಬದಲಾಯಿಸುತ್ತಿದ್ದನಂತೆ. ಆ ಕಡೆಯಿಂದ ಬಂದ ಕಚೇರಿಯ ಒಬ್ಬ ಸಜ್ಜನ, ಅಯ್ಯೋ ಪಾಪ, ಪ್ಲಗ್ ಬಿದ್ದುಹೋಗಿದೆಯಲ್ಲ ಎಂದು ಎತ್ತಿ ಚುಚ್ಚಿದನಂತೆ. ಮಲಗಿಸಿದ ಹ್ಯಾಂಡಲ್‌ನ ಲಿವರ್ ನೆಲಕ್ಕೆ ಒತ್ತಿಕೊಂಡಿತ್ತು. ಕೆಟ್ಟವರು ಯಾರೂ ಇಲ್ಲದ ಆ ಕತೆ ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಅಂದಿನಿಂದ ಅವಳು ಪ್ಯಾಡ್ ಬದಲಿಸುವಾಗಲೆಲ್ಲ ಪ್ಲಗ್ ಕಿತ್ತು, ವಯರ್ ಎಳೆದು ತಂದು, ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದಳು. ಹೆಗಲ ಮೇಲಿನ ಪ್ಲಗ್ಗನ್ನು ಯಾವ ಸಜ್ಜನನೂ ಚುಚ್ಚಲಾರ. ತನ್ನ ಕೈಕೆಳಗೆ ಕೆಲಸ ಮಾಡುವ ಎಲ್ಲರಿಗೂ ಅದನ್ನೇ ಕಟ್ಟಳೆ ಮಾಡಿದಳು. ಹೆಸರು ಅಲ್ಲಿಂದ ಬಂತು.

ಎರಡು ವರ್ಷದ ಹಿಂದೆ ತಂಡಕ್ಕೆ ಅವಳ ಗಂಡನೂ ಸೇರಿದ. ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದವನು. ಒಂದು ಕಣ್ಣು ಮಂಜಾಗಿ ಲೈಸೆನ್ಸ್ ಹೋಯಿತು. ಮನೆಯಲ್ಲಿ ಆರು ತಿಂಗಳು ಕೂತು ಕಿಟಕಿ, ಬಾಗಿಲು, ಕುಕ್ಕರ್ ಎಲ್ಲವನ್ನೂ ರಿಪೇರಿ ಮಾಡಿ, ಕೊನೆಗೆ ರಿಪೇರಿ ಬೇಕಿಲ್ಲದವನ್ನೂ ಬಿಚ್ಚತೊಡಗಿದಾಗ ಅವಳು ಕೈ ಮುಗಿದು, ನನ್ನ ಜೊತೆ ಬನ್ನಿ ಎಂದಳು. ಐವತ್ತು ಜನರನ್ನು ಕೂರಿಸಿಕೊಂಡು ಗುಡ್ಡ ಇಳಿಸಿದವನಿಗೆ ಹೆಂಡತಿಯ ಹಿಂದೆ ವಯರ್ ಹಿಡಿದು ನಡೆಯುವ ಕೆಲಸ. ಮೊದಲ ತಿಂಗಳು ಮುಖ ಗಂಟಿಕ್ಕಿಕೊಂಡೇ ಇದ್ದ. ಆಮೇಲೆ ಅವನಿಗೂ ಇದರ ರುಚಿ ಹತ್ತಿತು. ಯಂತ್ರದ ಸದ್ದು ಕೇಳಿಯೇ ಪ್ಯಾಡ್ ಸವೆದಿದೆ ಎಂದು ಹೇಳುವಷ್ಟು ಕಿವಿ ಅವನದು.

ಒಂದು ವಿಷಯದಲ್ಲಿ ಮಾತ್ರ ಗಂಡ ಹೆಂಡಿರಿಗೆ ದಿನಾ ಜಟಾಪಟಿ. ಅವಳು ಪ್ಲಗ್ ಹೆಗಲಿಗೆ ಹಾಕಿಕೊಂಡು ಎದುರಿಗೆ ನಿಂತಿದ್ದರೂ ಅವನು ಪ್ಯಾಡಿಗೆ ಕೈ ಹಾಕುವ ಮೊದಲು ಒಮ್ಮೆ ಲಿವರ್ ಒತ್ತಿ ನೋಡುತ್ತಿದ್ದ. ಬಸ್ಸಿನ ಕಾಲದ ಚಾಳಿ. ಕೀ ತನ್ನ ಜೇಬಿನಲ್ಲೇ ಇದ್ದರೂ, ಬಸ್ಸಿನಡಿ ತೂರುವ ಮೊದಲು ಸ್ಟಾರ್ಟರ್ ಒತ್ತಿ ನೋಡದೆ ತೂರಿದವನಲ್ಲ. ಅವಳಿಗೆ ಇದು ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು. ಇಡೀ ಕಂಪನಿ ತನ್ನ ಮಾತಿಗೆ ಎದುರಾಡುವುದಿಲ್ಲ, ಕಟ್ಟಿಕೊಂಡ ಗಂಡ ದಿನಕ್ಕೆ ನಾಲ್ಕು ಸಲ ಎಲ್ಲರೆದುರು ಪರೀಕ್ಷೆ ಮಾಡುತ್ತಾನೆ. ನನ್ನ ಮೇಲೆ ನಂಬಿಕೆ ಇಲ್ವಾ ಎಂದು ಕೇಳುತ್ತಿದ್ದಳು. ಅವನು ನಗುತ್ತಿದ್ದ, ಮತ್ತೆ ಒತ್ತುತ್ತಿದ್ದ. ಪೈಲ್ವಾನ ಇದನ್ನು ನೋಡಿ, ಅಕ್ಕನ ಮನೆಯಲ್ಲೇ ಅಕ್ಕನ ಕಾನೂನು ನಡೆಯಲ್ಲ ಎಂದು ಕಿಚಾಯಿಸುತ್ತಿದ್ದ.

ಈ ನಡುವೆ ಕಂಪನಿಯವರು ಹೊಸಬರಿಗೆ ತರಬೇತಿ ಕೊಡಲು ಒಂದು ಹಾಲ್ ಮಾಡಿದರು. ಕಲಿಸಲು ಯಾರು ಎಂಬ ಪ್ರಶ್ನೆಯೇ ಬರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದೂ ಅವಘಡ ಮಾಡದವಳು ಅವಳೊಬ್ಬಳೇ. ಶನಿವಾರ ಎಲ್ಲ ತಂಡಗಳೆದುರು ಅವಳ ಹೆಸರು ಹೇಳುವುದು, ಸೋಮವಾರದಿಂದ ಕೆಲಸ ಎಂದು ಮ್ಯಾನೇಜರು ತಿಳಿಸಿದರು. ಆ ಕೆಲಸ ಅವಳಿಗೆ ಎಷ್ಟು ಬೇಕಿತ್ತೆಂದು ಅವಳಿಗೊಬ್ಬಳಿಗೇ ಗೊತ್ತು. ಬಲಭುಜ ಒಂದು ವರ್ಷದಿಂದ ನೋಯುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಇನ್ನೆರಡು ವರ್ಷ ಯಂತ್ರ ಹಿಡಿದರೆ ಆಮೇಲೆ ಲೋಟ ಹಿಡಿಯುವುದೂ ಕಷ್ಟ ಎಂದು ವೈದ್ಯೆ ಹೇಳಿದ್ದಳು. ಅದಕ್ಕಿಂತ ಹೆಚ್ಚಾಗಿ, ನೆಲ ಒರೆಸುವವಳು ಎಂದು ಮೂಗು ಮುರಿದವರ ನಡುವೆ ಮೇಷ್ಟ್ರ ಜಾಗದಲ್ಲಿ ನಿಲ್ಲುವ ಆಸೆ. ಆಸೆಯನ್ನು ಆಸೆ ಎನ್ನಲು ನಾಚಿಕೆ ಯಾಕೆ? ಅವಳು ಬುಧವಾರ ಹೊಸ ಸೀರೆಯನ್ನೂ ತೆಗೆದಿಟ್ಟಿದ್ದಳು. ಅಂದೇ ಗಂಡನಿಗೆ ಖಡಾಖಂಡಿತವಾಗಿ ಹೇಳಿದಳು: ನಾಳೆಯಿಂದ ಲಿವರ್ ಒತ್ತಿ ನೋಡೋದು ಬೇಡ, ಕಲಿಸುವವಳ ಗಂಡನೇ ಹೀಗೆ ಮಾಡಿದರೆ ಉಳಿದವರು ನಗುತ್ತಾರೆ. ಅವನು ಆಯ್ತು ಕಣೇ ಎಂದ.

ಗುರುವಾರ ಒಂದು ಕಚೇರಿಯ ಕೆಳ ಅಂತಸ್ತು. ರಜೆಯ ದಿನ, ಕಿಟಕಿಗಳ ತುಂಬ ಬಿಸಿಲು. ಕಂಪನಿ ಆ ವಾರವಷ್ಟೇ ಹೊಸ ಯಂತ್ರಗಳನ್ನು ಕೊಟ್ಟಿತ್ತು, ಒಂದು ಅವಳಿಗೆ, ಒಂದು ಪೈಲ್ವಾನನಿಗೆ. ಅವಳ ಹಳೆಯ ಯಂತ್ರದ ವಯರ್ ಕಪ್ಪು, ಉಳಿದವರದ್ದು ಹಳದಿ. ಆದ್ದರಿಂದ ಇಷ್ಟು ವರ್ಷ ಸ್ವಿಚ್ ಬೋರ್ಡಿನ ಹತ್ತಿರ ಹೋಗಿ ಕಣ್ಣು ಮುಚ್ಚಿಕೊಂಡು ಕಪ್ಪನ್ನು ಕೀಳುತ್ತಿದ್ದಳು. ಈಗ ಎರಡೂ ಹಳದಿ, ಒಂದೇ ಬೋರ್ಡಿಗೆ ಅಕ್ಕಪಕ್ಕ ಚುಚ್ಚಿದ್ದವು. ಮಧ್ಯಾಹ್ನ ಪೈಲ್ವಾನ ತನ್ನ ಯಂತ್ರ ನಿಲ್ಲಿಸಿ ಊಟಕ್ಕೆ ಹೋದ. ಅವಳ ಪ್ಯಾಡ್ ಕೆಸರು ತಿಂದು ನುಣ್ಣಗಾಗಿತ್ತು. ಅವಳು ಲಿವರ್ ಬಿಟ್ಟು, ಒಣ ನೆಲದ ಮೇಲೆ ಹೆಜ್ಜೆಯಿಟ್ಟು ಬೋರ್ಡಿನ ತನಕ ಹೋಗಿ, ಪ್ಲಗ್ ಕಿತ್ತು, ವಯರ್ ಎಳೆದು ಹೆಗಲಿಗೆ ಹಾಕಿಕೊಂಡು ಬಂದಳು. ಹಾಕ್ರೀ ಹೊಸದನ್ನ ಎಂದಳು. ಮನಸ್ಸು ಆಗಲೇ ಶನಿವಾರದ ಹಾಲ್‌ನಲ್ಲಿತ್ತು.

ಗಂಡ ಹೊಸ ಪ್ಯಾಡ್ ಕಂಕುಳಲ್ಲಿ ಇಟ್ಟುಕೊಂಡು ಬಗ್ಗಿದ. ಯಂತ್ರವನ್ನು ಹಿಂದಕ್ಕೆ ಮಲಗಿಸಲು ಕೈ ಹಾಕಿದ. ನಂತರ ಸುಮ್ಮನೆ ನಿಂತ. ಹೆಂಡತಿಗೆ ಕೊಟ್ಟ ಮಾತು ನೆನಪಿತ್ತು, ಕೈ ಮಾತ್ರ ಕೇಳಲಿಲ್ಲ. ಅವಳು ಬೇರೆ ಕಡೆ ನೋಡುತ್ತಿರುವುದನ್ನು ಕಂಡು, ಕಳ್ಳನ ಹಾಗೆ ಒಂದು ಬೆರಳಿನಿಂದ ಲಿವರ್ ಒತ್ತಿದ.

ಯಂತ್ರ ಗುಡುಗಿ ಬಲಕ್ಕೆ ಹಾರಿತು. ಬಕೆಟ್ಟಿಗೆ ಬಡಿದು, ಬಕೆಟ್ ಉರುಳಿ, ಕೆಸರು ನೀರು ಅವನ ಬೂಟಿನ ತನಕ ಹರಿಯಿತು. ಬೆರಳು ಬಿಟ್ಟದ್ದೇ ತಡ, ನಿಂತಿತು. ಎಲ್ಲ ಸೇರಿ ಎರಡು ಉಸಿರಿನಷ್ಟು ಹೊತ್ತು.

ಅವಳು ಹೆಗಲ ಮೇಲಿನ ಪ್ಲಗ್ಗನ್ನು ನೋಡಿದಳು. ವಯರನ್ನು ಕೈಯಲ್ಲಿ ಹಿಡಿದು ಮೊಳ ಮೊಳ ಎಳೆಯುತ್ತಾ ಹೋದಳು. ಅದು ಕಂಬದ ಹಿಂದೆ ತಿರುಗಿ ನೇರ ಪೈಲ್ವಾನನ ಯಂತ್ರಕ್ಕೆ ಹೋಗಿ ನಿಂತಿತು. ಅವನು ಇನ್ನೊಂದು ಕ್ಷಣದಲ್ಲಿ ಯಂತ್ರ ಮಲಗಿಸುತ್ತಿದ್ದ, ಲಿವರ್ ನೆಲಕ್ಕೆ ಒತ್ತಿಕೊಳ್ಳುತ್ತಿತ್ತು, ಅವನ ಎರಡೂ ಕೈ ಪ್ಯಾಡಿನ ಮೇಲೆ ಇರುತ್ತಿದ್ದವು. ಮುದಿ ಮೇಸ್ತ್ರಿಯ ಮೂರು ಬೆರಳಿನ ಕೈ ಕಣ್ಣೆದುರು ಬಂತು. ಅವಳು ಅಲ್ಲೇ ಒಣ ನೆಲದ ಮೇಲೆ ಕುಸಿದು ಕೂತು, ಗಂಡನ ಕೈಗವಸು ಕಿತ್ತು, ಹತ್ತೂ ಬೆರಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಅತ್ತಳು. ಅವನು ಏನೂ ಆಗಿಲ್ಲ ಬಿಡೇ ಎನ್ನುತ್ತಾ ಒಂದು ಕೈ ಬಿಡಿಸಿಕೊಂಡು ಅವಳ ತಲೆ ಸವರಿದ. ಪೈಲ್ವಾನ ಬರುವಷ್ಟರಲ್ಲಿ ಕೆಸರು ಹೀರಿಯಾಗಿತ್ತು, ಪ್ಯಾಡ್ ಹಾಕಿಯಾಗಿತ್ತು, ಸರಿಯಾದ ಪ್ಲಗ್ ಸರಿಯಾದ ಜಾಗದಲ್ಲಿತ್ತು. ಅವನಿಗೆ ಏನೂ ತಿಳಿಯಲಿಲ್ಲ.

ಶುಕ್ರವಾರ ಪೂರ್ತಿ ಮನೆಯಲ್ಲಿ ಅದೇ ಮಾತು. ಗಂಡನ ವಾದ ಸರಳ. ನೋಡಿದವರು ಯಾರೂ ಇಲ್ಲ, ಯಾರಿಗೂ ಏನೂ ಆಗಿಲ್ಲ. ಇನ್ನು ಮುಂದೆ ಹುಷಾರಾಗಿದ್ದರೆ ಸಾಕು. ಅವಘಡವಿಲ್ಲದವಳು ಎಂದೇ ನಿನ್ನನ್ನು ಆರಿಸಿದ್ದಾರೆ, ನೀನೇ ಹೋಗಿ ನನ್ನಿಂದ ತಪ್ಪಾಯಿತು ಎಂದರೆ ಕೆಲಸ ಇನ್ನೊಬ್ಬರಿಗೆ ಹೋಗುತ್ತದೆ. ಭುಜದ ಗತಿ ಏನು? ಭುಜದ ವಿಷಯ ಅವನಿಗೆ ಗೊತ್ತಿತ್ತೆಂದು ಅವಳಿಗೆ ಆಗಲೇ ತಿಳಿದದ್ದು. ಅವಳು ತೆಗೆದಿಟ್ಟ ಸೀರೆಯನ್ನು ಮಡಿಸಿ ಬೀರುವಿನೊಳಗೆ ಇಟ್ಟು, ದಿನಾ ಉಡುವ ಸೀರೆಗೆ ಇಸ್ತ್ರಿ ಹಾಕಿದಳು. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಅಷ್ಟು ಸಾಕಾಯಿತು, ಮತ್ತೆ ಮಾತು ಬೆಳೆಸಲಿಲ್ಲ.

ಶನಿವಾರ ಬೆಳಿಗ್ಗೆ ಹಾಲ್‌ನಲ್ಲಿ ಅರವತ್ತು ಜನ. ಒಂದು ಬದಿಗೆ ಎರಡು ಯಂತ್ರ, ಗೋಡೆಗೆ ಬಿಳಿ ಹಲಗೆ. ಹಲಗೆಯ ಮೇಲೆ ಮೊದಲ ನಿಯಮವಾಗಿ ಅವಳ ಮಾತನ್ನೇ ಬರೆಸಿದ್ದರು: ಪ್ಲಗ್ ಹೆಗಲ ಮೇಲೆ. ಮ್ಯಾನೇಜರು ಎದ್ದು, ಇಪ್ಪತ್ತೆರಡು ವರ್ಷ, ಒಂದೇ ಒಂದು ತಪ್ಪಿಲ್ಲ ಎಂದು ಅವಳತ್ತ ಕೈ ತೋರಿಸಿದರು. ಚಪ್ಪಾಳೆ ಬಿತ್ತು. ಅವಳು ಎದ್ದು ನಿಂತು ಅದು ಮುಗಿಯುವ ತನಕ ಕಾದಳು.

"ಒಂದಿದೆ," ಎಂದಳು. "ಮೊನ್ನೆ ಗುರುವಾರದ್ದು."

ಮ್ಯಾನೇಜರ ಕೈ ಗಾಳಿಯಲ್ಲೇ ಉಳಿಯಿತು. ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು: ಕಪ್ಪು ವಯರ್, ಹಳದಿ ವಯರ್, ಒಂದೇ ಬೋರ್ಡು, ಹೆಗಲ ಮೇಲೆ ಬಂದ ಬೇರೆ ಯಂತ್ರದ ಪ್ಲಗ್. ಗಂಡನಿಗೆ ಒತ್ತಿ ನೋಡಬೇಡಿ ಎಂದು ಹಿಂದಿನ ದಿನ ತಾನೇ ತಾಕೀತು ಮಾಡಿದ್ದನ್ನೂ ಬಿಡಲಿಲ್ಲ.

"ನನ್ನ ಗಂಡ ನನ್ನನ್ನ ನಂಬ್ಲಿಲ್ಲ. ಅದಕ್ಕೇ ಅವರಿಗೆ ಇವತ್ತು ಹತ್ತು ಬೆರಳಿದೆ. ನೀವೂ ನನ್ನನ್ನ ನಂಬಬೇಡಿ. ಪ್ಲಗ್ ಹೆಗಲಿಗೆ ಹಾಕ್ಕೊಳ್ಳಿ, ವಯರ್ ಹಿಡ್ಕೊಂಡು ಯಂತ್ರದ ತನಕ ಹೋಗಿ, ಆಮೇಲೂ ಒಂದ್ಸಲ ಲಿವರ್ ಒತ್ತಿ ನೋಡಿ. ಯಂತ್ರ ನಿಲ್ಸಿಟ್ಟು ಒತ್ತಿ, ಮಲಗಿಸಿ ಅಲ್ಲ."

ಹಿಂದಿನ ಸಾಲಿನಲ್ಲಿದ್ದ ಗಂಡನ ಕಡೆ ಅರವತ್ತು ತಲೆ ತಿರುಗಿದವು. ಅವನು ಎರಡೂ ಕೈ ಎಲ್ಲಿಡಬೇಕೆಂದು ತಿಳಿಯದೆ ಕಂಕುಳಿಗೆ ಸೇರಿಸಿಕೊಂಡ. ಮ್ಯಾನೇಜರು ಮೇಜಿನ ಮೇಲಿದ್ದ ನೇಮಕದ ಕಾಗದವನ್ನು ಕವರಿನೊಳಗೆ ತಳ್ಳಿ, ಇದನ್ನು ಮೇಲಿನವರ ಹತ್ತಿರ ಮಾತಾಡಬೇಕಾಗುತ್ತದೆ ಎಂದರು. ತಪ್ಪು ಅವರದಲ್ಲ. ಅವಳು ತಲೆಯಾಡಿಸಿದಳು. ಹೋಯಿತು ಎಂದುಕೊಂಡಳು. ಆದರೆ ನಿಂತ ನೆಲ ಗಟ್ಟಿಯಾಗಿತ್ತು.

ಬಂದದ್ದಕ್ಕೆ ಒಂದು ಪಾಠವಾದರೂ ಮಾಡಿ ಹೋಗೋಣವೆಂದು ಅವಳು ಬೋರ್ಡಿನ ಹತ್ತಿರ ಹೋಗಿ ಪ್ಲಗ್ ಕಿತ್ತು, ವಯರ್ ಹಿಡಿದು ಯಂತ್ರದ ತನಕ ಬಂದು, ಹೆಗಲಿಗೆ ಹಾಕಿಕೊಂಡು ನಿಂತಳು. ಯಾರು ಪ್ಯಾಡ್ ಬದಲಾಯಿಸ್ತೀರಿ ಎಂದಳು. ಪೈಲ್ವಾನ ಎದ್ದು ಬಂದ. ನಗುಮುಖವಿರಲಿಲ್ಲ. ಅವಳನ್ನು ನೋಡಿದ, ಅವಳ ಹೆಗಲನ್ನು ನೋಡಿದ. ಹೂಕುಂಡದ ದಿನದಿಂದ ಅವಳ ಮಾತನ್ನು ಕಣ್ಣುಮುಚ್ಚಿ ನಂಬಿದವನು. ಹ್ಯಾಂಡಲ್ ಗಟ್ಟಿಯಾಗಿ ಹಿಡಿದು ಲಿವರ್ ಒತ್ತಿದ. ಯಂತ್ರ ಮಿಸುಕಾಡಲಿಲ್ಲ. ಪ್ಲಗ್ ಸರಿಯಾದದ್ದೇ ಆಗಿತ್ತು.

"ತಪ್ಪು ತಿಳ್ಕೋಬೇಡಿ ಅಕ್ಕ," ಎಂದ ಮೆಲ್ಲಗೆ.

"ನಾಳೆನೂ ಹೀಗೇ ಒತ್ತು," ಎಂದಳು ಅವಳು. ಎರಡು ವರ್ಷ ಯಾವುದು ಮುಳ್ಳಾಗಿ ಚುಚ್ಚಿತ್ತೋ ಅದೇ ಇವತ್ತು ಮೈ ಹಗುರ ಮಾಡಿತು. ಅವನ ಹಿಂದೆ ಇನ್ನೊಬ್ಬ ಬಂದ, ಅವನ ಹಿಂದೆ ಮತ್ತೊಬ್ಬಳು. ಪ್ಲಗ್ ಹೆಗಲಿಂದ ಹೆಗಲಿಗೆ ಹೋಯಿತು, ಪ್ರತಿಯೊಬ್ಬರೂ ವಯರ್ ಹಿಡಿದು ನಡೆದರು, ಲಿವರ್ ಒತ್ತಿದರು. ಅರವತ್ತು ಜನ ಮುಗಿಯುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು, ಯಾರೂ ಗೊಣಗಲಿಲ್ಲ. ಮ್ಯಾನೇಜರು ಬಾಗಿಲ ಹತ್ತಿರ ಕೈಕಟ್ಟಿ ನಿಂತು ಕೊನೆಯವರ ತನಕ ನೋಡಿದರು. ಆಮೇಲೆ ಹಲಗೆಯ ಹತ್ತಿರ ಹೋಗಿ, ಮೊದಲ ನಿಯಮದ ಕೆಳಗೆ ತಾವೇ ಬರೆದರು: ಒತ್ತಿ ನೋಡಿ. ಹೊರಗೆ ಹೋಗುವಾಗ ಕವರನ್ನು ಅವಳ ಕೈಗಿಟ್ಟು, ಮೇಲಿನವರಿಗೆ ನಾನು ಹೇಳಿಕೊಳ್ಳುತ್ತೇನೆ, ಸೋಮವಾರ ಎಂಟು ಗಂಟೆಗೆ ಬನ್ನಿ ಎಂದರು.

ಸಂಜೆ ಮನೆಯಲ್ಲಿ ಚಟ್ನಿ ರುಬ್ಬುತ್ತಿದ್ದ ಗಂಡ, ಮಿಕ್ಸಿ ಸಿಕ್ಕಿಕೊಂಡಿತು, ಬ್ಲೇಡಿನ ಹತ್ತಿರ ಏನೋ ಸಿಕ್ಕಿದೆ, ನಿನ್ನ ಬೆರಳು ಸಣ್ಣ, ಸ್ವಲ್ಪ ತೆಗಿ ಎಂದು ಕರೆದ. ಪ್ಲಗ್ ಕಿತ್ತು ತನ್ನ ಹೆಗಲ ಮೇಲೆ ಹಾಕಿಕೊಂಡು ಗತ್ತಿನಿಂದ ನಿಂತಿದ್ದ. ಅವಳು ಜಾಡಿಯ ಮುಚ್ಚಳ ತೆಗೆಯಲು ಹೋದವಳು ನಿಂತು, ಕೈ ಚಾಚಿ ಮಿಕ್ಸಿಯ ಗುಂಡಿ ತಿರುಗಿಸಿ ನೋಡಿದಳು. ಸದ್ದಿಲ್ಲ.

"ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?" ಎಂದ ಅವನು.

"ಇಲ್ಲ ರೀ," ಎಂದು ಅವಳು ಜಾಡಿಯೊಳಗೆ ಕೈ ಹಾಕಿದಳು.